ಎತ್ತಿನಹೊಳೆ ಬರಲಿ, ಮೊದಲು ನಮ್ಮ ರಾಜಕಾಲುವೆ ಎಲ್ಲಿದೆ ಹೇಳಿ

ಕೋಲಾರದಲ್ಲಿ ಚುನಾವಣೆ ಬಂತೆಂದರೆ ಒಂದೇ ಮಾತು: ಎತ್ತಿನಹೊಳೆ ನೀರು ಬರುತ್ತೆ. 2012ರಲ್ಲಿ 8,323 ಕೋಟಿ ಅಂದರು. 2014ರಲ್ಲಿ 12,912 ಕೋಟಿ ಆಯಿತು. 2023ರಲ್ಲಿ 23,251 ಕೋಟಿ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಪಂಪ್ ಚಾಲೂ ಮಾಡಿದರು. ಖರ್ಚು ಏರಿದಷ್ಟು ಬೇಗ ನೀರು ಇತ್ತ ಹರಿಯಲಿಲ್ಲ.

ಹೊರಗಿನ ನೀರು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆಸಿ ಫ್ಲೋರೈಡ್ ನೀರು ಕುಡಿದವರಿಗೆ ಕೇಳೋ ಹಕ್ಕಿದೆ. ಆದರೆ ಬರೋ ನೀರಿನ ಆಸೆ ತೋರಿಸಿ, ಬಿದ್ದ ನೀರನ್ನು ಮರೆಸ್ತಿದ್ದಾರಲ್ಲ, ತಕರಾರು ಅಲ್ಲಿದೆ.

ಲೆಕ್ಕ ಹಾಕಿ ನೋಡಿ. ಜಿಲ್ಲೆಯ ವಿಸ್ತೀರ್ಣ ಸುಮಾರು 4 ಸಾವಿರ ಚದರ ಕಿಲೋಮೀಟರ್. ವರ್ಷದ ಮಳೆ ಸರಾಸರಿ 700 ಮಿಲಿಮೀಟರ್ ಆಸುಪಾಸು. ಗುಣಿಸಿದರೆ ಸುಮಾರು 100 ಟಿಎಂಸಿ! ಎತ್ತಿನಹೊಳೆಯ ಗುರಿ 24 ಟಿಎಂಸಿ, ಅದೂ ಏಳು ಜಿಲ್ಲೆಗೆ ಹಂಚಬೇಕು. ಅಷ್ಟು ನೀರೇ ಅಲ್ಲಿಲ್ಲ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹಿಂದೆಯೇ ಹೇಳಿದ್ದಾರೆ. ನಮ್ಮ ಮಳೆಯ ಬಹುಪಾಲು ಆವಿಯಾಗಿ, ಬೆಳೆ ಕುಡಿದು ಮುಗಿಯುತ್ತೆ, ನಿಜ. ಹತ್ತರಲ್ಲಿ ಒಂದು ಪಾಲು ನಿಂತರೂ 10 ಟಿಎಂಸಿ. ಅದನ್ನು ಘಟ್ಟ ಹತ್ತಿಸೋ ಪಂಪಿಲ್ಲ, ಕರೆಂಟ್ ಬಿಲ್ಲಿಲ್ಲ.

ನಿಲ್ಲಿಸೋ ಏರ್ಪಾಡು ಹಿರಿಯರು ಮಾಡಿಟ್ಟಿದ್ದಾರೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 4 ಸಾವಿರಕ್ಕೂ ಹೆಚ್ಚು ಕೆರೆಗಳು. ಮೇಲಿನ ಕೆರೆ ಕೋಡಿ ಹೋದರೆ ಕೆಳಗಿನ ಕೆರೆಗೆ ನೀರು. ತೂಬು ನೋಡಿಕೊಳ್ಳೋಕೆ ನೀರುಗಂಟಿ. ಈಗ? ಕಾಲುವೆ ಮೇಲೆ ಲೇಔಟು, ಕೆರೆ ಅಂಗಳದಲ್ಲಿ ಜಾಲಿ, ಮೇಲ್ಗಡೆ ನೀಲಗಿರಿ ತೋಪು. ಹೊಸದಾಗಿ ನೀಲಗಿರಿ ನೆಡೋದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ. ಕಡಿದ ಹಳೇ ಬುಡಗಳು ಚಿಗುರ್ತಾನೇ ಇವೆ.

ಕೆ.ಸಿ. ವ್ಯಾಲಿ ನೀರಿಂದ ಕೆರೆ ತುಂಬಿತಲ್ಲ ಅಂತೀರಾ? 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧೀಕರಣವಾಗಿ ಬರ್ತಿದೆ. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ, ಒಪ್ಪೋಣ. ಮೂರನೇ ಹಂತವೂ ಆಗಲಿ ಅಂತ ರೈತರು ಕೇಳ್ತಾನೇ ಇದ್ದಾರೆ. ಆದರೆ ಆ ನೀರನ್ನು ಹಿಡಿದು ಭೂಮಿಗೆ ಇಳಿಸಿದ್ದು ಯಾವುದು? ಇದೇ ಕೆರೆಗಳು! ನಾಳೆ ಎತ್ತಿನಹೊಳೆ ಬಂದರೂ ನಿಲ್ಲಬೇಕಾದ್ದು ಇಲ್ಲೇ. ಕೆರೆ ಇಲ್ಲದೆ ಯಾವ ಯೋಜನೆಯೂ ಇಲ್ಲ.

ಹಾಗಾದರೆ ಕಾಲುವೆ ಬಗ್ಗೆ ಯಾಕೆ ಯಾರೂ ಬಾಯಿ ಬಿಡಲ್ಲ? ಪೈಪಿಗೆ ದೊಡ್ಡ ಟೆಂಡರ್ ಉಂಟು. ಒತ್ತುವರಿ ತೆರವು ಮಾಡಿದರೆ ಓಟು ಹೋಗುತ್ತೆ. ಒತ್ತಿಕೊಂಡವರು ಪರದೇಶದವರಲ್ಲ, ನಮ್ಮೂರಿನವರೇ, ನಮ್ಮ ನೆಂಟರೇ. ಅದಕ್ಕೇ ನಾವೂ ಸುಮ್ಮನಿದ್ದೀವಿ.

ಮುಂದಿನ ಗ್ರಾಮಸಭೆಗೆ ಹೋಗಿ. ಊರಿನ ನಕಾಶೆ ಮೇಜಿನ ಮೇಲೆ ಹರಡಿ ಅನ್ನಿ. ಕೆರೆ ಎಷ್ಟು ಎಕರೆ, ಕಾಲುವೆ ಎಷ್ಟು ಅಗಲ, ಸರ್ವೇಯರ್ ಯಾವತ್ತು ಬರ್ತಾರೆ, ಕೇಳಿ. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಸಿ, ಫೋಟೋ ತೆಗೆದುಕೊಳ್ಳಿ. ಉತ್ತರ ಸಿಗೋವರೆಗೂ ನೀರಿನ ಭಾಷಣಕ್ಕೆ ಚಪ್ಪಾಳೆ ಹೊಡೀಬೇಡಿ.