ಒಂದೆಲಗ ಎಲ್ಲಿಯವರೆಗೆ ಮುಟ್ಟುತ್ತೆ?



ಈ ಸಲದ ವಿಷಯ ಸ್ವಲ್ಪ ಸಂಕೋಚದ್ದು. ಆದರೆ ಆ ಸಂಕೋಚದಿಂದಲೇ ನನ್ನ ಓರಗಿತ್ತಿ ಎಂಟು ತಿಂಗಳು ನೋವು ನುಂಗಿಕೊಂಡು ಕೂತಳು. "ಅಕ್ಕಾ, ನನ್ನ ಹೆಸರು ಹಾಕದೆ ಬರೀರಿ" ಅಂತ ಅವಳೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಅವಳಿಗೆ ಕ್ಯಾನ್ಸರ್ ಆಗಿ ಒಂದು ಸ್ತನ ತೆಗೆದರು. ಆ ಜಾಗದಲ್ಲಿ ಸಿಲಿಕೋನ್ ಚೀಲ ಇಟ್ಟು ಹೊಲಿದರು, ಆಮೇಲೆ ರೇಡಿಯೇಷನ್ನೂ ಆಯಿತು. ಹೊಲಿಗೆ ಒಣಗಿದ ಮೇಲೆ ನಮ್ಮತ್ತೆ ಹಿತ್ತಲಿನ ಒಂದೆಲಗ ಅರೆದು ಹಚ್ಚಲು ಕೊಟ್ಟರು. ಹೊರಗಿನ ಗುರುತೇನೋ ಮಾಸಿತು. ಒಳಗೆ ಮಾತ್ರ ದಿನೇ ದಿನೇ ಗಟ್ಟಿಯಾಗುತ್ತ ಬಂತು, ಆಕಾರವೂ ಕೆಟ್ಟಿತು. ಇವಳು ಲೇಪ ಇನ್ನಷ್ಟು ದಪ್ಪ ಹಚ್ಚಿಕೊಂಡಳೇ ಹೊರತು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಗಂಡನಿಗೂ ಹೇಳಿರಲಿಲ್ಲ ಅಂದರೆ ನೋಡಿ!

ಕೊನೆಗೆ ನಾನೇ ಬಲವಂತವಾಗಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಬಿಡಿಸಿ ಹೇಳಿದರು. ಮೈಯೊಳಗೆ ಹೊರಗಿನ ವಸ್ತು ಏನಿಟ್ಟರೂ ದೇಹ ಅದರ ಸುತ್ತ ನಾರಿನಂಥ ಪೊರೆ ಹೆಣೆಯುತ್ತದಂತೆ. ತೆಳ್ಳಗಿದ್ದರೆ ಏನೂ ತೊಂದರೆಯಿಲ್ಲ. ಕೆಲವರಲ್ಲಿ ಅದು ದಪ್ಪವಾಗಿ, ಬಿಗಿದು, ಚೀಲವನ್ನೇ ಹಿಂಡುತ್ತದೆ. ಇದಕ್ಕೆ ಕ್ಯಾಪ್ಸುಲರ್ ಕಾಂಟ್ರ್ಯಾಕ್ಚರ್ ಎನ್ನುತ್ತಾರೆ. ರೇಡಿಯೇಷನ್ ಆದವರಲ್ಲಿ ಹೆಚ್ಚು. ಒಳಗೆ ರಕ್ತ ಕಟ್ಟಿಕೊಂಡರೂ, ಸಣ್ಣ ಸೋಂಕು ಉಳಿದರೂ ಆಗಬಹುದು. 1ರಿಂದ 4ರವರೆಗೆ ಹಂತಗಳಿವೆ: ಮೊದಲನೆಯದರಲ್ಲಿ ಮೆತ್ತಗೆ ಸಹಜವಾಗಿರುತ್ತದೆ, ನಾಲ್ಕನೆಯದರಲ್ಲಿ ಕಲ್ಲಿನ ಹಾಗೆ ಗಟ್ಟಿ, ನೋವು ಬೇರೆ. ಇವಳದ್ದು ನಾಲ್ಕು.

"ಹಾಗಾದರೆ ನಮ್ಮ ಒಂದೆಲಗ ಸುಳ್ಳಾ ಡಾಕ್ಟರೇ?" ಅಂತ ಕೇಳಿಯೇ ಬಿಟ್ಟೆ. ಸುಳ್ಳಲ್ಲವಂತೆ. ಅದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಸತ್ವವನ್ನು ಕಲೆಯ ಮುಲಾಮುಗಳಲ್ಲಿ ಹಾಕುತ್ತಾರೆ. ಆದರೆ ಲೇಪ ಚರ್ಮದ ಮೇಲಿನದು, ಆ ಪೊರೆ ಇರುವುದು ಆಳದಲ್ಲಿ. ಅಲ್ಲಿಗೆ ಮುಟ್ಟುವುದು ಹೇಗೆ? ಚೀನಾದಲ್ಲಿ ಚಳಿಜ್ವರಕ್ಕೆ ಕೊಡುತ್ತಿದ್ದ ಒಂದು ಬೇರಿನ ಸತ್ವವನ್ನು ಮಾರ್ಪಡಿಸಿ ಹಾಲೊಫ್ಯೂಜಿನೋನ್ ಎಂಬ ಮದ್ದು ಮಾಡಿದ್ದಾರೆ. ಅದನ್ನು ಸಿಲಿಕೋನಿಗೇ ಲೇಪಿಸಿ ಇಲಿಗಳ ಮೈಯಲ್ಲಿಟ್ಟಾಗ ಪೊರೆ ತೆಳ್ಳಗಾಯಿತಂತೆ. ಇಲಿಗಳಲ್ಲಿ, ನೆನಪಿಡಿ! ಹೆಂಗಸರಲ್ಲಿ ಇದನ್ನು ತಡೆಯುತ್ತದೆಂದು ಸಿದ್ಧವಾದ ಗಿಡದ ಮದ್ದು ಯಾವುದೂ ಇಲ್ಲ.

ಪೊರೆ ತೆಗೆದು ಬೇರೆ ಚೀಲ ಇಡಲು ಮತ್ತೆ ಆಪರೇಷನ್ ಎಂದು ನಿಶ್ಚಯವಾಯಿತು. ಆಗ ಪಕ್ಕದ ಮನೆಯವರು ಅರಿಸಿನದ ಸತ್ವದ ಮಾತ್ರೆ ತಂದುಕೊಟ್ಟರು, ಪಾಪ, ಒಳ್ಳೆಯದಕ್ಕೇ. ಈ ಸಲ ಇವಳು ಜಾಣೆ, ಡಬ್ಬಿಯನ್ನೇ ಕೊಂಡುಹೋಗಿ ಡಾಕ್ಟರಿಗೆ ತೋರಿಸಿದಳು. ಆಪರೇಷನ್ನಿಗೆ ಎರಡು ವಾರ ಮೊದಲೇ ನಿಲ್ಲಿಸಿ ಎಂದರು. ಸಾರಿಗೆ ಹಾಕುವ ಚಿಟಿಕೆ ಅರಿಸಿನಕ್ಕೆ ಅಡ್ಡಿಯಿಲ್ಲ. ಆ ಮಾತ್ರೆಯಲ್ಲಿ ಸತ್ವ ಬಹಳ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು. ಒಳಗೆ ರಕ್ತ ನಿಂತರೆ ಪೊರೆ ಮತ್ತೆ ಬಿಗಿಯಲು ಅದೇ ದಾರಿ! ಬೆಳ್ಳುಳ್ಳಿ ಮಾತ್ರೆ, ಗಿಂಕ್ಗೊ ಮಾತ್ರೆಗಳಿಗೂ ಇದೇ ಮಾತು.

ಈಗ ನಾಲ್ಕು ತಿಂಗಳಾಯಿತು, ಮೆತ್ತಗಿದೆ ಅನ್ನುತ್ತಾಳೆ. ತಪಾಸಣೆಗೆ ತಪ್ಪದೆ ಹೋಗುತ್ತಾಳೆ. ಅತ್ತೆಯ ಒಂದೆಲಗವೂ ವ್ಯರ್ಥವಾಗಿಲ್ಲ. ಒಂದು ಹಿಡಿ ಎಲೆ, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಮೊನ್ನೆ ಬಂದವಳು ಎರಡು ಲೋಟ ಕುಡಿದು, ಮನೆಗೂ ಒಂದು ಪಾತ್ರೆ ಕಟ್ಟಿಸಿಕೊಂಡು ಹೋದಳು.