ಮೂಗಿಗಿಂತ ಮೂಗುತಿ ಭಾರ

ಈಗಿನ ಮದುವೆ ಆಲ್ಬಂಗಳನ್ನು ನೀವೂ ತಿರುವಿ ಹಾಕಿರುತ್ತೀರಿ. ಮದುಮಗಳ ಕಣ್ಣರೆಪ್ಪೆಯ ಕೂದಲು ಒಂದೊಂದಾಗಿ ಎಣಿಸಲು ಬರುವಷ್ಟು ಸ್ಪಷ್ಟ. ಅವಳ ಹಿಂದೆ ಇರುವುದೇನು ಎಂದು ಮಾತ್ರ ಕೇಳಬೇಡಿ. ಅದು ಕಲಸಿಟ್ಟ ಅಂಬಲಿ! ನಮ್ಮ ಲಕ್ಕುಂಡಿಗೂ ಮದುವೆಗೆ ಮುಂಚಿನ ಫೋಟೋಕ್ಕೆಂದು ಜೋಡಿಗಳು ಬರುತ್ತವೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಬಳ್ಳಿ, ಬೊಂಬೆಗಳನ್ನು ಅಕ್ಕಸಾಲಿಗನಂತೆ ಕಲ್ಲಿನಲ್ಲಿ ಬಿಡಿಸಿದವರ ಶ್ರಮವೆಲ್ಲ ಆ ಫೋಟೋದಲ್ಲಿ ಬೂದುಬಣ್ಣದ ಹೊಗೆಯಾಗಿರುತ್ತದೆ. ಇಷ್ಟಕ್ಕೆ ಲಕ್ಕುಂಡಿಯವರೆಗೆ ಏಕೆ ಬರಬೇಕಿತ್ತು? ಹಿತ್ತಲ ಗೋಡೆಗೆ ಬೂದಿ ಬಳಿದು ನಿಂತಿದ್ದರೂ ನಡೆಯುತ್ತಿತ್ತು.

ಈ ಮಸುಕು ಪುಕ್ಕಟೆ ಬರುವುದಿಲ್ಲ, ದುಡ್ಡು ಸುರಿದು ತರುವಂಥದ್ದು. ಅದನ್ನು ತಿಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಊರಲ್ಲೇ ಫೋಟೋ ತೆಗೆಯುವ ಉದ್ಯೋಗ ಮಾಡಬೇಕೆನ್ನುವ ಹುಡುಗಿ. ಗಂಡಸು ಕ್ಯಾಮೆರಾ ಹಿಡಿದರೆ ಸೆಟೆದು ಕೂಡುವ ಬಾಣಂತಿಯರು, ಮುದುಕಿಯರು ಇವಳ ಮುಂದೆ ಬಾಯ್ತುಂಬ ನಗುತ್ತಾರೆ. ಅಂಥವಳು ಬಂದು, “ಅಕ್ಕೋರ, ಎಫ್ 1.2 ಲೆನ್ಸ್ ಇಲ್ಲಂದ್ರ ಯಾರೂ ಕರಿಯಂಗಿಲ್ರಿ. ಅವ್ವನ ಪಾಟ್ಲಿ ಒತ್ತಿ ಇಡಬೇಕಂತ ಮಾಡೇನಿ” ಎಂದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಅವಳ ತಲೆಯಲ್ಲಿ ಆ ಅಂಕಿಯನ್ನು ತುಂಬಿದವರ ಮೇಲೆ.

ನಾನು ಸಮಾಜ ವಿಜ್ಞಾನ ಕಲಿಸುವವಳು. ಆದರೆ ಭಾಗಾಕಾರ ಬಲ್ಲೆ. ಈ ಎಫ್ ಎಂಬುದೂ ಒಂದು ಭಾಗಾಕಾರವೇ. ಮುಖದ ಫೋಟೋಕ್ಕೆ ಹೇಳಿಮಾಡಿಸಿದ್ದು 85 ಎಂಎಂ ಲೆನ್ಸು. 85ನ್ನು 1.2ರಿಂದ ಭಾಗಿಸಿದರೆ ಬೆಳಕು ನುಗ್ಗುವ ಕಿಂಡಿ ಸುಮಾರು 71 ಮಿಲಿಮೀಟರ್ ಅಗಲ. 2ರಿಂದ ಭಾಗಿಸಿದರೆ ಸುಮಾರು 43. ಕಿಂಡಿ ಅಗಲವಾದಷ್ಟೂ ಬೆಳಕು ಹೆಚ್ಚು, ಹಿಂದಿನ ಮಸುಕೂ ಹೆಚ್ಚು. ಆದರೆ ಅಗಲ ಕಿಂಡಿಯ ಅಂಚಿನಿಂದ ಬಂದ ಕಿರಣಗಳು ನಡುವಿನ ಕಿರಣಗಳ ಜೊತೆ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಅವನ್ನು ದಾರಿಗೆ ತರಲು ಗಾಜಿನ ಮೇಲೆ ಗಾಜು ಸೇರಿಸಬೇಕು. ತೂಕವೂ ಬೆಲೆಯೂ ಅಲ್ಲಿಂದಲೇ. ಕ್ಯಾನನ್ ಕಂಪನಿ 2019ರಲ್ಲಿ ತಂದ ಎಫ್ 1.2 ಲೆನ್ಸಿನ ತೂಕ 1,195 ಗ್ರಾಂ, 2020ರಲ್ಲಿ ತಂದ ಎಫ್ 2ರ ತೂಕ 500 ಗ್ರಾಂ. ಬೆಲೆಯಲ್ಲಿ ಸುಮಾರು ನಾಲ್ಕು ಪಟ್ಟು ಅಂತರ. ದೊಡ್ಡದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಹಳ ಚೆನ್ನಾಗಿ ಮಾಡಿದ್ದಾರೆ. ಪಾಟ್ಲಿಗಿಂತ ಚೆನ್ನಾಗಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಅಷ್ಟು ಕೊಟ್ಟು ಪಡೆದದ್ದೇನು? ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಎರಡು ಮೀಟರ್ ದೂರದಿಂದ ಎಫ್ 1.2ಕ್ಕೆ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 4 ಸೆಂಟಿಮೀಟರ್. ಮೂಗುತಿ ಹೊಳೆದರೆ ಜುಮಕಿ ಮಸುಕು. ಮುಖ ತುಸು ಓರೆಯಾದರೆ ಒಂದು ಕಣ್ಣು ಇದೆ, ಇನ್ನೊಂದು ಇಲ್ಲ. ಮೊಮ್ಮಗಳ ಹಿಂದೆ ಒಂದು ಗೇಣು ಸರಿದು ಕೂತ ಅಜ್ಜಿಯ ಗತಿಯನ್ನು ನೀವೇ ಊಹಿಸಿ. ಎಫ್ 2ಕ್ಕೆ ಆ ಆಳ ಆರೂವರೆ ಸೆಂಟಿಮೀಟರ್, ಎಫ್ 4ಕ್ಕೆ ಸುಮಾರು 13.

ಇನ್ನೂ ಒಂದು ತಮಾಷೆ ಇದೆ. ಅದೇ ಕಂಪನಿ ಅದೇ ಲೆನ್ಸಿಗೆ ಒಂದು ಲೇಪ ಬಳಿದು, ಮಸುಕು ಇನ್ನಷ್ಟು ನುಣುಪಾಗುತ್ತದೆಂದು ಇನ್ನೂ ಹೆಚ್ಚಿನ ಬೆಲೆಗೆ ಮಾರಿತು. ಆ ಲೇಪ ಬೆಳಕನ್ನು ನುಂಗುತ್ತದೆ. ಕಿಂಡಿ ಪೂರ್ತಿ ತೆರೆದಾಗ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಎಫ್ 2ರಷ್ಟೇ! ಬೆಳಕಿಗೆಂದು ದುಡ್ಡು ಕೊಟ್ಟು, ಆ ಬೆಳಕನ್ನು ಕಳೆಯಲು ಮತ್ತೆ ದುಡ್ಡು ಕೊಡುವುದು. ಇದಕ್ಕೆ ನಮ್ಮ ಕಡೆ ಏನನ್ನುತ್ತಾರೆ ಎಂದು ಬರೆಯುವ ಹಾಗಿಲ್ಲ.

ವೇಗದ ಲೆನ್ಸಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ವಿಯೆನ್ನಾದ ಗಣಿತದ ಪ್ರೊಫೆಸರ್ ಜೋಸೆಫ್ ಪೆಟ್ಸ್ವಾಲ್ 1840ರಲ್ಲಿ ಮುಖಚಿತ್ರಕ್ಕೆಂದೇ ಎಫ್ 3.6 ಲೆನ್ಸು ಲೆಕ್ಕಹಾಕಿದ. ಆಗ ಫೋಟೋ ಮೂಡಲು ನಿಮಿಷಗಟ್ಟಲೆ ಅಲುಗದೆ ಕೂಡಬೇಕಿತ್ತು, ತಲೆಗೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ನಡುವೆ ಮುಖ ಸ್ಪಷ್ಟವಾದರೆ ಸಾಕು, ಅಂಚು ಕೆಟ್ಟರೆ ಕೆಡಲಿ ಎಂಬ ಚೌಕಾಸಿಗೆ ಆತ ಒಪ್ಪಿದ್ದು ಕೂತವರ ಕಷ್ಟ ತಪ್ಪಿಸಲು. ಮುಂದೆ 100, 400ರ ಫಿಲ್ಮ್ ರೋಲುಗಳ ಕಾಲದಲ್ಲೂ ಬೆಳಕಿಗೆ ಬರವೇ. ಈಗಿನ ಕ್ಯಾಮೆರಾಗಳು 3200ಕ್ಕೂ ಅಂಜುವುದಿಲ್ಲ. ಎಫ್ 1.2 ಕೊಡುವ ಹೆಚ್ಚಿನ ಬೆಳಕನ್ನು ಒಂದೂವರೆ ಮೆಟ್ಟಿಲಿನ ತಿರುವಿನಲ್ಲಿ ಪಡೆಯಬಹುದು. ಬ್ರಹ್ಮ ಜಿನಾಲಯದ ಒಳಗತ್ತಲಲ್ಲಿ, ಶಾಲೆಯ ಗ್ಯಾದರಿಂಗಿನ ಮಂದ ದೀಪದಲ್ಲಿ ದಿನವೂ ದುಡಿಯುವವರಿಗೆ ಅದೂ ಬೇಕಾದೀತು, ಒಪ್ಪುತ್ತೇನೆ. ಪಡಸಾಲೆಯ ಕಿಟಕಿ ಪಕ್ಕ ಕೂತವಳಿಗೆ ಏಕೆ? 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ ಬಂದ ಹಸಿರುಗಣ್ಣಿನ ಅಫ್ಘನ್ ಹುಡುಗಿಯನ್ನು ಜಗತ್ತೇ ಬಲ್ಲದು. ಅದನ್ನು ಸ್ಟೀವ್ ಮೆಕ್ಕರಿ ತೆಗೆದದ್ದು 105 ಎಂಎಂ, ಎಫ್ 2.5 ಲೆನ್ಸಿನಲ್ಲಿ. ಅದರಲ್ಲೂ ಹಿನ್ನೆಲೆ ಮಸುಕೇ. ಅಷ್ಟು ಮಸುಕಿಗೆ ಎರಡೂವರೆ ಸಾಕಾಯಿತು.

ನನ್ನ ನಿಜವಾದ ಜಗಳ ಇರುವುದು ಬೇರೆ ಕಡೆ. ಹೆಂಗಸಿನ ಫೋಟೋ ಎಂದರೆ ಬರೀ ಮುಖ ಎಂದು ತೀರ್ಮಾನಿಸಿದವರು ಯಾರು? ವರನ ಕಡೆಗೆ ಕಳಿಸುವ ಫೋಟೋದಲ್ಲೂ ಮುಖ, ಗೋಡೆಗೆ ಹಾರ ಹಾಕಿ ತೂಗುವ ಫೋಟೋದಲ್ಲೂ ಮುಖ. ನಡುವಿನ ನಲವತ್ತು ವರ್ಷ ಅವಳು ನಿಂತ ಒಲೆ, ಹೊಲ, ಕರಿಹಲಗೆ, ಹೊಲಿಗೆ ಯಂತ್ರ ಎಲ್ಲಿ ಹೋದವು? ಗಂಡಸು ಫೋಟೋಕ್ಕೆ ನಿಂತರೆ ಹಿಂದೆ ಅವನ ಟ್ರ್ಯಾಕ್ಟರ್, ಅವನ ಅಂಗಡಿಯ ಬೋರ್ಡು ಕಾಣಲೇಬೇಕು. ನಮ್ಮ ಹಿಂದೆ ಮಾತ್ರ ಅಂಬಲಿ. ನಮ್ಮೂರಿನ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದ ಅತ್ತಿಮಬ್ಬೆಯ ಮುಖ ಹೇಗಿತ್ತೆಂದು ನಮಗೆ ತಿಳಿಯದು. ಅವಳು ಕಟ್ಟಿಸಿದ ಬಸದಿ, ಬರೆಯಿಸಿ ಹಂಚಿದ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ, ರನ್ನನಿಗೆ ಕೊಟ್ಟ ಆಶ್ರಯ ಇವನ್ನು ಬಲ್ಲೆವು. ಸಾವಿರ ವರ್ಷ ಉಳಿದದ್ದು ಅವಳ ಹಿನ್ನೆಲೆ!

ಆ ಹುಡುಗಿಗೆ ಇಷ್ಟನ್ನೇ ಹೇಳಿದೆ: ಪಾಟ್ಲಿ ಅವ್ವನ ಕೈಯಲ್ಲಿರಲಿ. ಎಫ್ 1.8 ಅಥವಾ 2ರ ಲೆನ್ಸು ತಗೋ. ಉಳಿದ ದುಡ್ಡಿನಲ್ಲಿ ಒಂದು ಬಿಳಿ ಛತ್ರಿ, ಒಂದು ಸ್ಟ್ಯಾಂಡು, ಗಿರಾಕಿಗಳ ಮನೆಗೆ ಹೋಗಿಬರಲು ಸ್ಕೂಟಿಗೆ ಪೆಟ್ರೋಲು.

ನಿಮಗೂ ಒಂದು ಮಾತು. ಫೋಟೋ ತೆಗೆಸುವವರು ನೀವು, ದುಡ್ಡು ಕೊಡುವವರು ನೀವು. “ಹಿಂದೆ ನಮ್ಮ ಮನೆ ಕಾಣಲಿ, ಎಫ್ 4ಕ್ಕೋ 5.6ಕ್ಕೋ ಇಡಪ್ಪ” ಎಂದು ಗಟ್ಟಿಯಾಗಿ ಹೇಳಿ. ಅವನು ಬೆರಗಾಗಿ ನೋಡಿದರೆ ನೋಡಲಿ. ಮೊಮ್ಮಕ್ಕಳು ನಾಳೆ ಆ ಫೋಟೋ ಹಿಡಿದು, “ಅಜ್ಜಿ ಎಲ್ಲಿದ್ದಳು, ಏನು ಮಾಡುತ್ತಿದ್ದಳು?” ಎಂದು ಕೇಳಿದರೆ ಉತ್ತರ ಅದರಲ್ಲೇ ಇರಬೇಕು.