ಊರ ಶಾಲೆಗೆ ಊರೇ ಕಾವಲು

ಸರ್ಕಾರಿ ಶಾಲೆಗಳನ್ನು ಉಳಿಸಬೇಕೆಂಬ ಕೂಗು ನಮ್ಮ ನಾಡಿಗೆ ಹೊಸದಲ್ಲ. ಆದರೆ ಆ ಕೂಗನ್ನು ಎತ್ತುವವರು ಬದಲಾಗುತ್ತಿದ್ದಾರೆ. ಹಿಂದೆ ಸಾಹಿತಿಗಳೂ ಭಾಷಾಭಿಮಾನಿಗಳೂ ಸಮ್ಮೇಳನದ ವೇದಿಕೆಯಿಂದ ಹೇಳುತ್ತಿದ್ದುದನ್ನು ಈಗ ಮಕ್ಕಳ ತಾಯಿತಂದೆಗಳೂ ಉಪಾಧ್ಯಾಯರೂ ತಾವಾಗಿಯೇ ಹೇಳತೊಡಗಿದ್ದಾರೆ. ೨೦೨೫ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳ ವಿಸ್ತರಣೆಯ ಮಾತು ಬಂದಾಗ ಈ ಬದಲಾವಣೆ ಎದ್ದು ಕಂಡಿತು. ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೆ ಎಲ್ಲವೂ ಒಂದೇ ಆವರಣದಲ್ಲಿರುವ ಈ ಶಾಲೆಗಳು ೨೦೧೮ರಿಂದ ಆರಂಭವಾದವು. ೨೦೨೫–೨೬ರ ಆಯವ್ಯಯದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇಂಥ ೫೦೦ ಹೊಸ ಶಾಲೆಗಳನ್ನು ತೆರೆಯುವ ಸಂಕಲ್ಪ ಪ್ರಕಟವಾಯಿತು. ಅದರ ಬೆನ್ನಿಗೇ ಒಂದು ಸಂಶಯವೂ ಹುಟ್ಟಿತು: ಈ ದೊಡ್ಡ ಶಾಲೆ ಸುತ್ತಲಿನ ಹಳ್ಳಿಗಳ ಚಿಕ್ಕ ಶಾಲೆಗಳನ್ನು ಅಯಸ್ಕಾಂತದಂತೆ ಸೆಳೆದು ಬರಿದು ಮಾಡಿಬಿಡುವುದೇ? ಎಐಡಿಎಸ್‌ಒ ವಿದ್ಯಾರ್ಥಿ ಸಂಘಟನೆ ಸಹಿಸಂಗ್ರಹಕ್ಕೆ ಹೊರಟಿತು. ಪಾಲಕರು, ಶಿಕ್ಷಣತಜ್ಞರು, ಲೇಖಕರು ದನಿಗೂಡಿಸಿದರು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರ್ಕಾರ ಉತ್ತರ ಕೊಟ್ಟಿತು.

ಈ ವಾದವಿವಾದದಲ್ಲಿ ಯಾರ ಮಾತು ಎಷ್ಟು ನಿಜವೆಂದು ತೂಗಿ ನೋಡುವುದಕ್ಕೆ ಯಡ್ರಾಮಿಯಂಥ ಊರು ತಕ್ಕ ನೆಲೆಯೆಂದು ನನಗೆ ತೋರುತ್ತದೆ. ನಾನು ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳುವವನು. ಪ್ರಾಥಮಿಕ ಶಾಲೆಯ ವ್ಯವಹಾರದಲ್ಲಿ ನನಗೆ ನೇರವಾದ ಅಧಿಕಾರವಿಲ್ಲ. ಆದರೆ ಹಳ್ಳಿಯ ಶಾಲೆಯಲ್ಲಿ ಬಿತ್ತಿದ್ದೇ ನಮ್ಮ ತರಗತಿಯಲ್ಲಿ ತೆನೆಯಾಗಿ ಬರುತ್ತದೆ. ಅಲ್ಲಿ ಬಿತ್ತದೆ ಬಿಟ್ಟದ್ದನ್ನು ಇಲ್ಲಿ ಯಾವ ಪಂಡಿತನೂ ಬೆಳೆಯಲಾರ. ಆದುದರಿಂದ ಈ ಮಾತು ನನ್ನದೂ ಹೌದು.

ಯಡ್ರಾಮಿ ಮೊನ್ನೆಮೊನ್ನೆಯವರೆಗೆ ಜೇವರ್ಗಿ ತಾಲ್ಲೂಕಿನ ಒಂದು ಹೋಬಳಿ. ೨೦೧೭ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಇದೂ ಒಂದಾಯಿತು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ಕೊಟ್ಟ ವರದಿ ನಾಡಿನ ೩೯ ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತ್ತು. ಅವುಗಳಲ್ಲಿ ೨೧ ಗುಲಬರ್ಗಾ ವಿಭಾಗದವು, ಜೇವರ್ಗಿ ಅವುಗಳಲ್ಲೊಂದು. ಇದೇ ಜೇವರ್ಗಿ ತಾಲ್ಲೂಕಿನ ನೇಲೋಗಿಯ ಧರ್ಮಸಿಂಗ್ ಅವರು ೨೦೦೪ರಿಂದ ೨೦೦೬ರವರೆಗೆ ನಾಡಿನ ಮುಖ್ಯಮಂತ್ರಿಗಳಾಗಿದ್ದರೆಂಬುದನ್ನು ನೆನೆದರೆ, ಹಿಂದುಳಿದಿರುವಿಕೆಯೆಂಬುದು ಕುರ್ಚಿಯೊಂದರಿಂದ ಕಳೆಯುವ ರೋಗವಲ್ಲವೆಂಬುದೂ ಮನದಟ್ಟಾಗುತ್ತದೆ.

ಈ ಸೀಮೆಯಲ್ಲಿ ಶಾಲೆಯೆಂಬುದು ಸುಲಭವಾಗಿ ದೊರೆತ ವಸ್ತುವಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತದ ನುಡಿ, ಶಿಕ್ಷಣದ ನುಡಿ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಒಂದು ದೇಶಭಾಷೆಯನ್ನು ಉನ್ನತ ವಿದ್ಯೆಗೆ ಏರಿಸಿದ ಸಾಹಸವೆಂದು ಅದನ್ನು ಮೆಚ್ಚಬಹುದು. ಆದರೆ ಕನ್ನಡ, ತೆಲುಗು, ಮರಾಠಿ ಮನೆಮಾತಿನ ಮಕ್ಕಳ ಪಾಲಿಗೆ ಅದು ಎತ್ತರದ ಮೆಟ್ಟಿಲಾಗಿತ್ತು. ಖಾಸಗಿ ಶಾಲೆ ತೆರೆಯಬೇಕಾದರೆ ಸರ್ಕಾರದ ಅನುಮತಿ ಬೇಕು. ಅನುಮತಿ ಎಂದರೆ ಅನುಮಾನ. ಹೀಗಿದ್ದೂ ಜನ ಕೈಕಟ್ಟಿ ಕುಳಿತಿರಲಿಲ್ಲ. ಗುಲಬರ್ಗೆಯಲ್ಲಿ ೧೯೦೭ರಷ್ಟು ಹಿಂದೆಯೇ ನೂತನ ವಿದ್ಯಾಲಯ ತಲೆಯೆತ್ತಿತು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ವಿಮೋಚನೆಯಾಯಿತು, ೧೯೫೬ರ ನವೆಂಬರಿನಲ್ಲಿ ಈ ಭಾಗ ಕನ್ನಡ ನಾಡನ್ನು ಸೇರಿತು. ಆ ಬಳಿಕ ಹಳ್ಳಿಹಳ್ಳಿಗೆ ಬಂದ ಸರ್ಕಾರಿ ಕನ್ನಡ ಶಾಲೆಯನ್ನು ನಮ್ಮ ಹಿರಿಯರು ಇಲಾಖೆಯ ಕಟ್ಟಡವೆಂದು ನೋಡಲಿಲ್ಲ, ಸ್ವಾತಂತ್ರ್ಯದ ಫಲವೆಂದು ನೋಡಿದರು. ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಶಾಲೆಗೆ ಜಾಗ ಮಾಡಿಕೊಟ್ಟವರು ಆ ಜನ.

ಆ ಮಮತೆ ಎಲ್ಲಿ ಹೋಯಿತು? ಇದೇ ನಿಜವಾದ ಪ್ರಶ್ನೆ. ಶಾಲೆಯನ್ನು ಸರ್ಕಾರ ಒಂದು ದಿನ ಮುಚ್ಚುವುದಿಲ್ಲ. ಅದು ಒಳಗಿನಿಂದ ವರ್ಷವರ್ಷಕ್ಕೆ ಬರಿದಾಗುತ್ತದೆ. ಮೊದಲು ಊರಿನ ಅನುಕೂಲಸ್ಥರ ಮಕ್ಕಳು ಹಳದಿ ಬಸ್ಸು ಹತ್ತಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಅವರೊಡನೆ ಗಟ್ಟಿಯಾಗಿ ಪ್ರಶ್ನೆ ಕೇಳಬಲ್ಲ ತಂದೆಯೂ ಹೋಗುತ್ತಾನೆ. ಆಮೇಲೆ ಸಾಲ ಮಾಡಿಯಾದರೂ ಶುಲ್ಕ ಕಟ್ಟುವವರು ಹೋಗುತ್ತಾರೆ. ಕೊನೆಗೆ ಉಳಿಯುವವರು ಕೂಲಿಕಾರರ ಮಕ್ಕಳು, ದಲಿತರ ಮಕ್ಕಳು, ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಶಾಲೆಗೆ ಹೋದರೂ ಇಲ್ಲಿಯೇ ಉಳಿದ ಹೆಣ್ಣುಮಕ್ಕಳು. ಸಂಖ್ಯೆ ಕುಗ್ಗಿದಾಗ ಉಪಾಧ್ಯಾಯರ ಸಂಖ್ಯೆಯೂ ಕುಗ್ಗುತ್ತದೆ. ಉಪಾಧ್ಯಾಯರು ಕುಗ್ಗಿದಾಗ ಮಕ್ಕಳು ಇನ್ನಷ್ಟು ಕುಗ್ಗುತ್ತಾರೆ. ಕಡೆಗೆ ಬರುವ ವಿಲೀನದ ಆದೇಶ ಮೊದಲೇ ಆಗಿಹೋದ ಒಂದು ಸಾವಿನ ದಾಖಲೆಯಷ್ಟೆ.

ಹಾಗಾದರೆ ವಿಲೀನವನ್ನು ವಿರೋಧಿಸುವುದು ವ್ಯರ್ಥವೇ? ಅಲ್ಲ. ವಿಲೀನದ ಪರವಾದ ವಾದದಲ್ಲಿ ಸತ್ಯಾಂಶವಿದೆಯೆಂಬುದನ್ನು ಮೊದಲು ಒಪ್ಪಿಕೊಳ್ಳೋಣ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರೆಂದು ಹೇಳುತ್ತದೆ. ಇಬ್ಬರು ಐದು ತರಗತಿಗಳನ್ನು ನಡೆಸಬೇಕು. ಅವರಲ್ಲೊಬ್ಬರು ಸಭೆಗೋ ತರಬೇತಿಗೋ ಗಣತಿಗೋ ಹೋದರೆ ಉಳಿದ ಒಬ್ಬರು ಮಕ್ಕಳನ್ನು ಕಾಯುವವರಾಗುತ್ತಾರೆಯೇ ಹೊರತು ಕಲಿಸುವವರಾಗುವುದಿಲ್ಲ. ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಉಪಾಧ್ಯಾಯ, ಪ್ರಯೋಗಶಾಲೆ, ಗ್ರಂಥಭಂಡಾರ, ಆಟದ ಬಯಲು ಇರಬಲ್ಲವು. ಬಡವರ ಮಕ್ಕಳಿಗೆ ಇವು ಬೇಡವೆಂದು ಯಾರು ಹೇಳಿಯಾರು?

ಆದರೆ ಅದೇ ಕಾಯಿದೆಯ ನಿಯಮಗಳು ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ ಶಾಲೆ, ಮೂರು ಕಿಲೋಮೀಟರಿನೊಳಗೆ ಹಿರಿಯ ಪ್ರಾಥಮಿಕ ಶಾಲೆ ಇರಬೇಕೆನ್ನುತ್ತವೆ. ಇದು ಸುಮ್ಮನೆ ಬರೆದ ಅಂಕಿಯಲ್ಲ. ಬೆಂಗಳೂರಿನ ಕಚೇರಿಯ ನಕಾಶೆಯಲ್ಲಿ ನಾಲ್ಕು ಕಿಲೋಮೀಟರ್ ಒಂದು ಗೆರೆ. ಯಡ್ರಾಮಿಯ ಎರೆಯ ಹೊಲಗಳ ನಡುವೆ ಅದೇ ನಾಲ್ಕು ಕಿಲೋಮೀಟರ್ ಮಳೆಗಾಲದಲ್ಲಿ ಮೊಣಕಾಲುದ್ದದ ಕೆಸರು, ತುಂಬಿ ಹರಿಯುವ ಹಳ್ಳ, ಆಳೆತ್ತರದ ತೊಗರಿಯ ನಡುವಿನ ಒಂಟಿ ದಾರಿ. ಆರು ವರ್ಷದ ಕೂಸು ಆ ದಾರಿಯನ್ನು ನಡೆಯಲಾರದು. ಹನ್ನೆರಡು ವರ್ಷದ ಹುಡುಗಿಯನ್ನು ತಾಯಿ ಆ ದಾರಿಗೆ ಕಳಿಸಲಾರಳು. ವಾಹನ ಕೊಡುತ್ತೇವೆಂಬ ಭರವಸೆ ಒಳ್ಳೆಯದೇ. ವಾಹನ ಬಾರದ ದಿನ ಗಂಡುಮಗು ಹೇಗೋ ಹೋದೀತು, ಹೆಣ್ಣುಮಗು ಮನೆಯಲ್ಲಿ ಉಳಿಯುತ್ತದೆ. ಅಂಥ ಹತ್ತು ದಿನ ಕೂಡಿದರೆ ಅವಳ ಓದು ಮುಗಿಯುತ್ತದೆ. ಆದುದರಿಂದ ಶಾಲೆ ದೊಡ್ಡದಾಗಲಿ, ಆದರೆ ಚಿಕ್ಕ ಮಕ್ಕಳ ತರಗತಿಗಳು ಊರಲ್ಲೇ ಉಳಿಯಲಿ ಎಂಬ ಪಾಲಕರ ಬೇಡಿಕೆ ಹಟವಲ್ಲ, ವಿವೇಕ.

ಈ ವಿವೇಕಕ್ಕೆ ಕಾನೂನಿನ ನಾಲಗೆಯೂ ಇದೆಯೆಂಬುದನ್ನು ನಾವು ಮರೆತಿದ್ದೇವೆ. ಡಾ. ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇರೆಗೆ ೨೦೦೧ರಲ್ಲಿ ಕರ್ನಾಟಕ ಸರ್ಕಾರ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ರಚಿಸಿತು. ಜನ ಅದನ್ನು ಎಸ್‌ಡಿಎಂಸಿ ಎಂದೇ ಕರೆಯುತ್ತಾರೆ. ಶಿಕ್ಷಣ ಹಕ್ಕು ಕಾಯಿದೆ ಬಂದ ಮೇಲೆ ಇಂಥ ಸಮಿತಿಗೆ ಶಾಸನದ ಬಲವೇ ದೊರೆಯಿತು: ಸದಸ್ಯರಲ್ಲಿ ನಾಲ್ಕನೆಯ ಮೂರು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧ ಭಾಗ ಮಹಿಳೆಯರು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಅವರ ಕೆಲಸ. ಈ ಸಮಿತಿಗಳನ್ನು ಒಂದುಗೂಡಿಸಿ ಸಮನ್ವಯ ವೇದಿಕೆಯೊಂದು ರೂಪುಗೊಂಡಿತು, ಶಿಕ್ಷಣತಜ್ಞ ಡಾ. ವಿ. ಪಿ. ನಿರಂಜನಾರಾಧ್ಯರು ಅದರ ಮಾರ್ಗದರ್ಶಕರು. ಸರ್ಕಾರಿ ಶಾಲೆಗಳ ಸಬಲೀಕರಣವನ್ನು ಕುರಿತು ೨೦೧೭ರಲ್ಲಿ ಎಸ್. ಜಿ. ಸಿದ್ಧರಾಮಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸಲ್ಲಿಸಿದ ವರದಿ ಈ ವಿಚಾರಕ್ಕೆ ಸಾಹಿತ್ಯಲೋಕದ ಬೆಂಬಲವನ್ನೂ ತಂದಿತು.

ಕಾಗದದಲ್ಲಿ ಎಲ್ಲವೂ ಇದೆ. ನೆಲದ ಮೇಲೆ ಏನಾಗುತ್ತದೆ? ಎಷ್ಟೋ ಊರುಗಳಲ್ಲಿ ಸಮಿತಿಯ ಅಧ್ಯಕ್ಷಸ್ಥಾನ ಪಂಚಾಯತಿ ಚುನಾವಣೆಯ ಸಣ್ಣ ತಾಲೀಮಾಗಿದೆ. ಮಹಿಳಾ ಸದಸ್ಯೆಯ ಸಹಿ ಮನೆಗೇ ಬಂದು ಸೇರುತ್ತದೆ, ಆಕೆ ಸಭೆಗೆ ಬರಬೇಕಾಗಿಲ್ಲ. ಸಭೆಯ ವೇಳೆ ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ಕೂಲಿಯ ಹೆಣ್ಣುಮಗಳು ಹೊಲದಲ್ಲಿ ಕಳೆ ಕೀಳುತ್ತಿರುತ್ತಾಳೆ. ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಗುಳೆ ಎದ್ದು ಪುಣೆ, ಮುಂಬಯಿ, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೆ ಹೋದರಂತೂ ಸಮಿತಿಯೂ ಗುಳೆ ಹೋದಂತೆಯೇ. ಇನ್ನು ಉಪಾಧ್ಯಾಯರ ಕಡೆಯಿಂದ ನೋಡಿದರೆ, ಅಕ್ಷರ ಬಾರದ ಪಾಲಕ ತನ್ನನ್ನು ಪ್ರಶ್ನಿಸುವುದೇನೆಂಬ ಮುನಿಸು. ಪಾಲಕನ ಕಡೆಯಿಂದ, ತನ್ನ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುವ ಮಾಸ್ತರು ನಮ್ಮ ಮಕ್ಕಳಿಗೆ ಏನು ಕಲಿಸಿಯಾರೆಂಬ ಸಂಶಯ. ಸರ್ಕಾರದಿಂದ ಸಂಬಳ ಪಡೆಯುವವರೆಲ್ಲರೂ ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸಬೇಕೆಂದು ಅಲಹಾಬಾದಿನ ಉಚ್ಚ ನ್ಯಾಯಾಲಯ ೨೦೧೫ರಲ್ಲಿ ಹೇಳಿತ್ತು. ಆ ಮಾತು ಆಚರಣೆಗೆ ಬರಲಿಲ್ಲ. ಆದರೆ ಅದು ಮುಟ್ಟಿದ ಗಾಯ ಯಾವುದೆಂಬುದು ನಮಗೆಲ್ಲರಿಗೂ ಗೊತ್ತು.

ಮಾಧ್ಯಮದ ಪ್ರಶ್ನೆಯನ್ನು ಕನ್ನಡದ ಉಪಾಧ್ಯಾಯನಾದ ನಾನು ತಪ್ಪಿಸಿಕೊಂಡು ಹೋಗುವಂತಿಲ್ಲ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ೨೦೧೯ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಮನೆಯ ಮಾತಿನಲ್ಲಿ ಕಲಿತ ಮಗುವಿನ ಬುದ್ಧಿ ಅರಳುವ ಬಗೆ ಬೇರೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇಂಗ್ಲಿಷ್ ಬೇಡುವ ಬಡ ತಂದೆಯನ್ನು ಕನ್ನಡದ್ರೋಹಿಯೆಂದು ಬಯ್ಯುವುದಕ್ಕೆ ನಮಗೆ ಯಾವ ಅಧಿಕಾರವಿದೆ? ಅವನು ಕೇಳುತ್ತಿರುವುದು ಇಂಗ್ಲಿಷಿನ ಹೆಸರಿನಲ್ಲಿ ಮರ್ಯಾದೆಯನ್ನು. ಕನ್ನಡ ಶಾಲೆಯಲ್ಲಿ ಕನ್ನಡವನ್ನು ನೆಟ್ಟಗೆ ಕಲಿಸಿ, ಇಂಗ್ಲಿಷನ್ನು ಒಂದು ಭಾಷೆಯಾಗಿ ಬಲ್ಲವರಿಂದ ಹೇಳಿಸಿದರೆ ಅವನ ಬೇಡಿಕೆಯ ಬಹುಪಾಲು ತೀರುತ್ತದೆ. ಎರಡೂ ಇಲ್ಲದಾಗಲೇ ಅವನು ಫಲಕ ನೋಡಿ ಮರುಳಾಗುವುದು.

೨೦೨೫ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ ೯೧.೧೨ ಪಡೆದು ಮೊದಲಿಗನಾಯಿತು. ನಮ್ಮ ಕಲಬುರಗಿ ಶೇಕಡಾ ೪೨.೪೩ರೊಡನೆ ಕಡೆಯ ಸ್ಥಾನದಲ್ಲಿ ನಿಂತಿತು. ನಮ್ಮ ಮಕ್ಕಳ ತಲೆಯಲ್ಲಿ ಅರ್ಧ ಮಾತ್ರ ಬುದ್ಧಿಯಿದೆಯೆಂದು ಇದರ ಅರ್ಥವೇ? ಖಾಲಿ ಹುದ್ದೆ, ವರ್ಗಾವಣೆ ಬಯಸಿ ದಿನ ಎಣಿಸುವ ಉಪಾಧ್ಯಾಯ, ಶಾಲೆ ತೆರೆದ ಮೇಲೆ ನೇಮಕವಾಗಿ ಅಲ್ಪ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕ, ಗುಳೆಯಿಂದ ತುಂಡಾದ ವರ್ಷ, ಇವೆಲ್ಲ ಸೇರಿ ಆ ಅಂಕಿಯಾಗಿದೆ. ಸಂವಿಧಾನದ ೩೭೧(ಜೆ) ವಿಧಿ ೨೦೧೩ರಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟಿದೆ. ೨೦೧೯ರಲ್ಲಿ ಹೆಸರೂ ಕಲ್ಯಾಣ ಕರ್ನಾಟಕವೆಂದಾಯಿತು. ಹೆಸರು ಬಂದಷ್ಟು ಬೇಗ ಮಾಸ್ತರು ಬರಲಿಲ್ಲ. ಅತ್ತ ಕರಾವಳಿಯಲ್ಲಿ, ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು ತಮ್ಮೂರಿಗೆ ಶಾಲೆ ತಂದರು. ೨೦೨೦ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಒಬ್ಬರ ಸಾಹಸ ಜಿಲ್ಲೆಯ ಅಂಕಿಗೆ ಕಾರಣವೆನ್ನಲಾಗದು. ಆದರೆ ಶಾಲೆ ತನ್ನದೆಂದು ಬಗೆದ ಒಬ್ಬ ಬಡವ ಏನು ಮಾಡಬಲ್ಲನೆಂಬುದಕ್ಕೆ ಅದು ಸಾಕ್ಷಿ.

ಶಾಲೆಗಾಗಿ ಜನ ಸಂಘಟಿತರಾಗುವುದು ನಮ್ಮಲ್ಲಿ ಮಾತ್ರವೂ ಅಲ್ಲ. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಕನ್ನಡವರಿಯದ ಉಪಾಧ್ಯಾಯರನ್ನು ಕನ್ನಡ ಶಾಲೆಗೆ ನೇಮಿಸಿದಾಗ ಮಕ್ಕಳೂ ಪಾಲಕರೂ ಪ್ರತಿಭಟಿಸಿದ್ದಾರೆ, ನ್ಯಾಯಾಲಯದ ಬಾಗಿಲನ್ನೂ ತಟ್ಟಿದ್ದಾರೆ. ದೂರದ ಅಮೆರಿಕದ ಶಿಕಾಗೊ ನಗರದಲ್ಲಿ ೨೦೧೨ರಲ್ಲಿ ಉಪಾಧ್ಯಾಯರು ಮುಷ್ಕರ ಹೂಡಿದಾಗ ಅನೇಕ ಪಾಲಕರು ಅವರ ಪಕ್ಕ ನಿಂತರು. ಆದರೂ ಮರುವರ್ಷ ಅಲ್ಲಿ ಸುಮಾರು ಐವತ್ತು ಸರ್ಕಾರಿ ಶಾಲೆಗಳು ಮುಚ್ಚಿದವು. ಅವುಗಳಲ್ಲಿ ಹೆಚ್ಚಿನವು ಕರಿಯ ಜನರ ಬಡಾವಣೆಗಳವು. ೨೦೧೫ರಲ್ಲಿ ಡಯೆಟ್ ಎಂಬ ಪ್ರೌಢಶಾಲೆಗಾಗಿ ಪಾಲಕರೂ ನೆರೆಹೊರೆಯವರೂ ೩೪ ದಿನ ಉಪವಾಸ ಮಾಡಿದರು. ೨೦೧೬ರಲ್ಲಿ ಆ ಶಾಲೆ ಮತ್ತೆ ತೆರೆಯಿತು. ದೇಶ ಯಾವುದಾದರೂ ಮೊದಲು ಮುಚ್ಚುವುದು ದನಿಯಿಲ್ಲದವರ ಶಾಲೆ. ಉಳಿಯುವುದು ಪಾಲಕರೂ ಉಪಾಧ್ಯಾಯರೂ ಒಂದೇ ಜಮಖಾನೆಯ ಮೇಲೆ ಕುಳಿತ ಶಾಲೆ.

ಹಾಗೆ ಕುಳಿತು ಏನು ಮಾಡಬೇಕು? ಘೋಷಣೆ ಕೂಗುವುದಕ್ಕಿಂತ ಮೊದಲು ಮಾಡಬೇಕಾದ ಸಣ್ಣ ಕೆಲಸಗಳಿವೆ. ಸಮಿತಿಯ ಸಭೆ ಸಂಜೆ, ದೀಪ ಹಚ್ಚಿದ ಮೇಲೆ, ಹೊಲದಿಂದ ಜನ ಬಂದ ಬಳಿಕ ಕೂಡಲಿ. ಹಿಂದಿನ ಸಭೆಯ ನಡವಳಿಯನ್ನೂ ಅನುದಾನದ ಲೆಕ್ಕವನ್ನೂ ಅಕ್ಷರ ಬಾರದವರಿಗೂ ಕೇಳುವಂತೆ ಗಟ್ಟಿಯಾಗಿ ಓದಲಿ. ಎಷ್ಟು ಹುದ್ದೆ ಖಾಲಿಯಿದೆಯೆಂದು ಶಾಲೆ ತೆರೆಯುವ ಮೊದಲೇ ಬರೆದು ಕೇಳಲಿ, ತಾಲ್ಲೂಕಿನ ಸಮಿತಿಗಳೆಲ್ಲ ಸೇರಿ ಕೇಳಲಿ. ಗುಳೆ ಹೋಗುವವರ ಮಕ್ಕಳಿಗೆ ಆ ತಿಂಗಳುಗಳ ಮಟ್ಟಿಗೆ ಊರಲ್ಲೇ ಊಟ ವಸತಿಯ ಏರ್ಪಾಡು ಬೇಡಲಿ. ಇದೇ ಸೀಮೆಯ ಅರಳಗುಂಡಗಿ ಶರಣಬಸವೇಶ್ವರರು ಹುಟ್ಟಿದ ಊರು. ದಾಸೋಹದ ಅರ್ಥವನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ೨೦೦೨ರಲ್ಲಿ ‘ಅಕ್ಷರ ದಾಸೋಹ’ವೆಂಬ ಹೆಸರಿನ ಬಿಸಿಯೂಟ ಮೊದಲಾದದ್ದೂ ಈಶಾನ್ಯದ ಈ ಜಿಲ್ಲೆಗಳಲ್ಲಿಯೇ. ಉಪಾಧ್ಯಾಯರೂ ತಮ್ಮ ಸಂಘದ ಶಕ್ತಿಯನ್ನು ಸಂಬಳ ವರ್ಗಾವಣೆಗಳಿಗೆ ಮಾತ್ರ ಮೀಸಲಿಡದೆ, ಮಕ್ಕಳ ಕಲಿಕೆಯ ಪರವಾಗಿಯೂ ತೋರಲಿ. ಬೋಧನೆಯಲ್ಲದ ಕೆಲಸಗಳ ಹೊರೆ ಇಳಿಸಿರೆಂದು ಅವರು ಕೇಳಿದಾಗ ಪಾಲಕರೂ ಅವರ ಬೆನ್ನಿಗೆ ನಿಲ್ಲಲಿ. ಈ ಕೊಡುಕೊಳೆಯಿಲ್ಲದ ಒಗ್ಗಟ್ಟು ನಾಲ್ಕು ದಿನದ್ದು.

ಹನಿಹನಿ ಕೂಡಿದರೆ ಹಳ್ಳ ಎನ್ನುತ್ತದೆ ನಮ್ಮ ಗಾದೆ. ಹಳ್ಳದ ನೀರು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಅದು ಬತ್ತಿದ ದಿನವೇ ಊರು ಎಚ್ಚರಗೊಳ್ಳುವುದು. ಊರ ಶಾಲೆಯ ವಿಷಯದಲ್ಲಿ ಆ ದಿನಕ್ಕಾಗಿ ಕಾಯುವಷ್ಟು ಬಿಡುವು ನಮಗಿಲ್ಲ. ಕಟ್ಟಡವನ್ನೂ ಸಂಬಳವನ್ನೂ ಸರ್ಕಾರ ಕೊಡಬೇಕು, ಅದು ಅದರ ಋಣ. ಆದರೆ ಆ ಋಣವನ್ನು ತಪ್ಪದೆ ಕೇಳಿ ಪಡೆಯುವ ಕಾವಲನ್ನು ಮಾತ್ರ ಊರೇ ಇಡಬೇಕು.